ಗಾಜಿನೊಳಗಿನ ಮತ್ಸ್ಯನ್ಯಾಯ

ಪಂಜರದ ಗಿಳಿಯನ್ನು ಕಂಡು ಮರುಗುವ ಮಂದಿಯೇ ಗಾಜಿನ ತೊಟ್ಟಿಯ ಮೀನನ್ನು ಕಂಡು ಹಿಗ್ಗುತ್ತಾರೆ. ಗಿಳಿಗೆ ಕೂಗಲು ದನಿಯುಂಟು, ಬಡಿಯಲು ರೆಕ್ಕೆಯುಂಟು. ಮೀನಿನ ಸೆರೆ ನಮ್ಮ ಕಣ್ಣಿಗೆ ಸೆರೆಯಾಗಿ ತೋರುವುದಿಲ್ಲ. ನೀರಿದೆ, ಆಹಾರವಿದೆ, ದೀಪವೂ ಇದೆ. ಇನ್ನೇನು ಬೇಕು ಎನ್ನುತ್ತೇವೆ. ಆ ಮಾತನ್ನು ನಿಜವಾದ ಪ್ರಶ್ನೆಯೆಂದೇ ಎಣಿಸಿ ಉತ್ತರ ಹುಡುಕಿದರೇನು?

ಮೀನು ಸಾಕುವವರು ಬಹುವಾಗಿ ಮೆಚ್ಚುವ ಸಿಕ್ಲಿಡ್ ಎಂಬ ಕುಲವೊಂದುಂಟು. ಆಫ್ರಿಕದ ಸರೋವರಗಳೂ ದಕ್ಷಿಣ ಅಮೆರಿಕದ ನದಿಗಳೂ ಅದರ ದೊಡ್ಡ ತೌರುಗಳು. ನಮ್ಮಲ್ಲಿಯೂ ಅದರ ಒಕ್ಕಲುಂಟು: 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು ಎಟ್ರೋಪ್ಲಸ್ ಕನರೆನ್ಸಿಸ್ ಎಂದು ಕೆನರಾ ನಾಡಿನ ಹೆಸರನ್ನೇ ಇಟ್ಟ ಮೀನು ದಕ್ಷಿಣ ಕನ್ನಡದ ಹೊಳೆಗಳದು, ಇಂದು ಅದು ಅಳಿವಿನ ಭೀತಿಯಲ್ಲಿದೆ.

ಮೊಟ್ಟೆಯಿಟ್ಟು ಮರೆತುಹೋಗುವ ಕುಲ ಇದಲ್ಲ. ಕೆಲವು ಜಾತಿಗಳಲ್ಲಿ ತಂದೆ ತಾಯಿ ಇಬ್ಬರೂ ಮರಿಗಳಿಗೆ ಕಾವಲಿರುತ್ತವೆ. ಮಲಾವಿ ಸರೋವರದ ಹಲವು ಜಾತಿಗಳಲ್ಲಿ ತಾಯಿ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು, ಸುಮಾರು ಮೂರು ವಾರ ಉಪವಾಸದಂತೆಯೇ ಕಳೆದು, ಮರಿಗಳನ್ನು ಹೊರಬಿಡುತ್ತದೆ. ಪ್ರಾಣಿಗಳ ನಡೆವಳಿಕೆಯನ್ನು ಅಭ್ಯಸಿಸಿದ ಆಸ್ಟ್ರಿಯದ ಕೊನ್ರಾಡ್ ಲೊರೆಂಝ್ 1949ರ ತನ್ನ ಪುಸ್ತಕದಲ್ಲಿ ಈ ಕುಲದ ಒಬ್ಬ ತಂದೆಯ ವಿಷಯ ಬರೆದಿದ್ದಾನೆ. ಎರೆಹುಳವನ್ನು ಅಗಿಯುತ್ತಿದ್ದ ಆ ಮೀನಿಗೆ ದಾರಿತಪ್ಪಿದ ಮರಿಯೊಂದು ಕಂಡಿತು. ಅದನ್ನೂ ಬಾಯಿಗೆ ಹಾಕಿಕೊಂಡಿತು. ಒಂದನ್ನು ನುಂಗಬೇಕು, ಇನ್ನೊಂದನ್ನು ಉಳಿಸಬೇಕು. ಕ್ಷಣಕಾಲ ಅಲುಗಾಡದೆ ನಿಂತು, ಎರಡನ್ನೂ ಉಗುಳಿ, ಮರಿಯ ಮೇಲೊಂದು ಕಣ್ಣಿಟ್ಟು ಹುಳವನ್ನು ತಿಂದು, ಆಮೇಲೆ ಮರಿಯನ್ನು ಎತ್ತಿಕೊಂಡು ಮನೆಗೆ ಒಯ್ದಿತಂತೆ.

ಇಷ್ಟು ಮಮತೆಯ ಜೀವಕ್ಕೆ ಅಷ್ಟೇ ಕೋಪವೂ ಉಂಟು. ಸಂಸಾರ ಹೂಡಲು ನೆಲೆ ಬೇಕು. ನೆಲೆಗೆ ಎಲ್ಲೆ ಬೇಕು. ಎಲ್ಲೆಯಿದ್ದಲ್ಲಿ ಕಾದಾಟ ತಪ್ಪದು. ಮಲಾವಿ ಸರೋವರ 500 ಕಿಲೋಮೀಟರಿಗೂ ಹೆಚ್ಚು ಉದ್ದ. ಅಲ್ಲಿ ಸೋತ ಮೀನು ಗೆದ್ದದ್ದರ ಬಂಡೆಯಿಂದ ದೂರ ಸರಿದರೆ ಜಗಳ ಅಲ್ಲಿಗೆ ಮುಗಿಯಿತು. ಮೂರು ಅಡಿಯ ತೊಟ್ಟಿಯಲ್ಲಿ ಸರಿಯುವುದೆಲ್ಲಿಗೆ? ಎತ್ತ ಹೋದರೂ ಗೆದ್ದವನ ರಾಜ್ಯವೇ. ಸೋತದ್ದು ಹರಿದ ರೆಕ್ಕೆಗಳೊಡನೆ ಮೂಲೆಯಲ್ಲಿ ಮುದುಡಿ, ಆಹಾರ ಬಿಟ್ಟು, ಕೆಲವೇ ದಿನಗಳಲ್ಲಿ ಸತ್ತು ತೇಲುತ್ತದೆ. ಇನ್ನೇನು ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ: ಸೋತವನಿಗೆ ಓಡಲು ಒಂದಿಷ್ಟು ಜಾಗ ಬೇಕು.

ಸಾಕಿದವರು ಆಗ ಹೇಳುವ ಮಾತು ಒಂದೇ: ಅದರ ಸ್ವಭಾವವೇ ಹಾಗೆ, ನಾವೇನು ಮಾಡುವುದು? ದೊಡ್ಡ ಮೀನು ಚಿಕ್ಕದನ್ನು ತಿನ್ನುವ ಮತ್ಸ್ಯನ್ಯಾಯವನ್ನು ನಮ್ಮ ಹಿರಿಯರೂ ಬಲ್ಲವರೇ ಆಗಿದ್ದರು. ಆದರೆ ಅವರು ಆ ಮಾತನ್ನು ಬಳಸಿದ್ದು ಅರಸಿಲ್ಲದ ನಾಡಿನ ಸ್ಥಿತಿಗೆ. ಮತ್ಸ್ಯನ್ಯಾಯದಿಂದ ಬೆಂದ ಪ್ರಜೆಗಳು ಮನುವನ್ನು ಅರಸನನ್ನಾಗಿ ಮಾಡಿಕೊಂಡರೆಂದು ಅರ್ಥಶಾಸ್ತ್ರ ಹೇಳುತ್ತದೆ. ಹೊಳೆಯಲ್ಲಿ ಅರಸನಿಲ್ಲ, ತೊಟ್ಟಿಯಲ್ಲಿದ್ದಾನೆ. ಯಾರು ಯಾರೊಡನೆ ಬಾಳಬೇಕು, ಎಷ್ಟು ನೀರಿನಲ್ಲಿ ಬಾಳಬೇಕು ಎಂದು ಗೊತ್ತುಮಾಡಿದವನು ಅವನೇ. ಗೋಡೆ ಕಟ್ಟಿದವನು ಒಳಗಿನ ಕೊಲೆಯನ್ನು ಪ್ರಕೃತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬಲ್ಲವರು ಉಪಾಯಗಳನ್ನು ಮಾಡುತ್ತಾರೆ. ಕಲ್ಲು ಪೇರಿಸಿ ಗವಿಗಳನ್ನು ಕಟ್ಟುತ್ತಾರೆ. ಒಡೆದ ಮಡಕೆಯನ್ನು ಬೋರಲು ಹಾಕುತ್ತಾರೆ. ಸೋತದ್ದನ್ನು ಬೇರೆ ತೊಟ್ಟಿಗೆ ಸಾಗಿಸುತ್ತಾರೆ. ಇನ್ನೊಂದು ಉಪಾಯ ವಿಚಿತ್ರವಾದದ್ದು: ಮಲಾವಿಯ ಜಗಳಗಂಟ ಜಾತಿಗಳನ್ನು ಬೇಕೆಂದೇ ಹೆಚ್ಚು ಸಂಖ್ಯೆಯಲ್ಲಿ ತುಂಬುವುದು. ಪೆಟ್ಟುಗಳೆಲ್ಲ ಒಂದರ ಮೇಲೆಯೇ ಬೀಳದೆ ಹಂಚಿಹೋಗುತ್ತವೆ; ಯಾವುದೂ ಸಾಯುವುದಿಲ್ಲ, ಯಾವುದಕ್ಕೂ ನೆಮ್ಮದಿಯೂ ಇಲ್ಲ. ಕಿಕ್ಕಿರಿದ ಪಟ್ಟಣಗಳಲ್ಲಿ ಬಾಳುವ ನಮಗೆ ಇಂಥ ಶಾಂತಿ ಅಪರಿಚಿತವೇನಲ್ಲ. ಆದರೂ ಕೊಲೆ ನಿಂತಿತೆಂಬುದನ್ನೇ ಸುಖವೆಂದು ಲೆಕ್ಕ ಬರೆದುಕೊಳ್ಳಬಾರದು.

ಹಾಗಾದರೆ ಬಿಟ್ಟುಬಿಡೋಣವೆ? ಗಿಳಿಯ ಪಂಜರದ ಬಾಗಿಲು ತೆರೆದವನಿಗೆ ಪುಣ್ಯ ಬರಬಹುದು. ಅಂಗಡಿಯಲ್ಲಿ ಎರಡು ಅಂಗುಲವಿದ್ದ ಆಸ್ಕರ್ ಎಂಬ ಸಿಕ್ಲಿಡ್ ಒಂದು ಅಡಿಯವರೆಗೆ ಬೆಳೆದು ತೊಟ್ಟಿಗೆ ಮೀರಿದಾಗ ಅದನ್ನು ಕೆರೆಗೆ ಬಿಡುವವನಿಗೆ ಆ ಪುಣ್ಯವೂ ಇಲ್ಲ. ಅದರ ಊರು ದಕ್ಷಿಣ ಅಮೆರಿಕ. ನಮ್ಮ ಕೆರೆ ಅದಕ್ಕೂ ಪರದೇಶ, ಕೆರೆಯ ಮೀನುಗಳಿಗೆ ಅದೂ ಪರಕೀಯ. 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯ ಇದೇ ಕುಲದ್ದು. ಅದು ಕೆರೆ ಹೊಳೆಗಳಿಗೆಲ್ಲ ಹಬ್ಬಿ ನಾಡಮೀನುಗಳ ನೆಲೆಯನ್ನು ಒತ್ತರಿಸಿದೆ. ಒಂದು ಜೀವದ ಮೇಲಿನ ಕರುಣೆಯಿಂದ ನೂರು ಜೀವಗಳಿಗೆ ಕೇಡು ಬಗೆದಂತಾಗುತ್ತದೆ.

ಹೀಗೆ ತಂದವನಿಗೆ ಹಿಂದಿರುಗಿಸುವ ದಾರಿಯಿಲ್ಲ. ಕೆಲವು ಸಾಲಗಳನ್ನು ಒಮ್ಮೆಗೇ ತೀರಿಸಲಾಗದು, ದಿನದಿನವೂ ತೆರುತ್ತಿರಬೇಕು. ವಾರವಾರವೂ ನೀರು ಬದಲಿಸುವುದು, ಅಡಗಿಕೊಂಡ ಮೀನು ಇಂದು ಆಹಾರಕ್ಕೆ ಬಂದಿತೇ ಎಂದು ನೋಡುವುದು, ಬೆಳೆದಂತೆ ತೊಟ್ಟಿಯನ್ನು ಹಿಗ್ಗಿಸುವುದು, ಇವು ಹವ್ಯಾಸದ ಕಷ್ಟಗಳೆಂದು ಗೊಣಗುವವನು ತಾನು ಏನನ್ನು ಮನೆಗೆ ತಂದೆನೆಂಬುದನ್ನು ಅರಿಯನು. ಅಂಗಡಿಯಲ್ಲಿ ಬಣ್ಣ ನೋಡಿ ಬೆಲೆ ಕೇಳುವ ಮೊದಲು ಇನ್ನೆರಡು ಮಾತು ಕೇಳುವುದು ಒಳ್ಳೆಯದು: ಇದು ಎಷ್ಟು ದೊಡ್ಡದಾಗುತ್ತದೆ? ಸೋತರೆ ಅಡಗಲು ನನ್ನ ಮನೆಯಲ್ಲಿ ಇದಕ್ಕೆ ಎಡೆಯುಂಟೆ?