ಪರರಿಗಾಗಿ ಕೊಂಡದ್ದು ಯಾರ ಪರಿಗ್ರಹ?

ಪರಿಗ್ರಹ ಪರಿಮಾಣವೆಂಬ ಐದನೆಯ ಅಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯ, ಬಟ್ಟೆಪಾತ್ರೆಗಳಿಗೆ ಗುರುಗಳ ಸಮ್ಮುಖದಲ್ಲಿ ಒಂದು ಮೇರೆಯನ್ನು ಹಾಕಿಕೊಳ್ಳುತ್ತಾನೆ. ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ ಇರುವವರೆಗೆ ಆ ಮೇರೆಯನ್ನು ಕಾಯ್ದುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಏನಿದೆ, ಎಷ್ಟು ಸಾಕು ಎಂಬುದು ಅಲ್ಲಿ ಕಣ್ಣೆದುರಿಗೇ ಇರುತ್ತದೆ. ಕಷ್ಟ ಬರುವುದು ಪ್ರವಾಸದಲ್ಲಿ. ಅದರಲ್ಲಿಯೂ ಪ್ರವಾಸ ಮುಗಿಯುವ ಕೊನೆಯ ಗಳಿಗೆಯಲ್ಲಿ. ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ಲೋಕರೂಢಿ ಆಗ ನೆನಪಾಗುತ್ತದೆ. ಹಾಗೆ ಕೊಳ್ಳುವ ಪದಾರ್ಥಗಳು ವ್ರತದ ಲೆಕ್ಕಕ್ಕೆ ಸೇರುತ್ತವೆಯೇ, ಇಲ್ಲವೇ? ಪರರಿಗಾಗಿ ಕೊಂಡದ್ದು ಕೊಂಡವನ ಪರಿಗ್ರಹವೇ, ಪಡೆಯುವವನ ಪರಿಗ್ರಹವೇ? ಪ್ರಶ್ನೆ ಚಿಕ್ಕದಾಗಿ ಕಂಡರೂ ವ್ರತಿಗಳಲ್ಲಿ ಅನೇಕರು ಎಡವುವುದು ಇಂಥ ಚಿಕ್ಕ ಕಲ್ಲಿಗೇ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಜೈನ ಗೃಹಸ್ಥನೊಬ್ಬನು ಸಂಸಾರಸಮೇತ ಶ್ರವಣಬೆಳಗೊಳದ ಯಾತ್ರೆಗೆ ಬಂದು ಹಿಂದಿರುಗುವುದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ೨೦೧೮ರ ಫೆಬ್ರವರಿಯ ಮಹಾಮಸ್ತಕಾಭಿಷೇಕದ ಕಾಲದಲ್ಲಿ ಹೀಗೆ ಬಂದುಹೋದ ಸಂಸಾರಗಳು ಹಲವು. ವಿಂಧ್ಯಗಿರಿಯ ಮೆಟ್ಟಿಲು ಹತ್ತಿ, ಎಲ್ಲವನ್ನೂ ಗೆದ್ದು ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಯ ದರ್ಶನ ಮಾಡಿದ ಮರುದಿನವೇ ಅವರು ದೇವನಹಳ್ಳಿಯ ಬಳಿ ಇರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬರುತ್ತಾರೆ. ಪೆಟ್ಟಿಗೆಗಳನ್ನು ತೂಗಿ ಒಪ್ಪಿಸಿದ್ದಾಯಿತು, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿತು, ಭದ್ರತಾ ತಪಾಸಣೆಯೂ ಮುಗಿಯಿತು. ವಿಮಾನ ಹೊರಡಲು ಇನ್ನೂ ಎರಡು ಗಂಟೆಯಿದೆ. ಹೊರಗೆ ಹೋಗುವಂತಿಲ್ಲ, ಒಳಗೆ ಮಾಡುವ ಕೆಲಸವಿಲ್ಲ. ಜೇಬಿನಲ್ಲಿ ಆ ದೇಶದಲ್ಲಿ ನಡೆಯದ ರೂಪಾಯಿ ನೋಟುಗಳು ಉಳಿದಿವೆ. ಸುತ್ತಲೂ ಅಂಗಡಿಗಳು. ಮೈಸೂರು ರೇಷ್ಮೆ, ಗಂಧದ ಸಾಬೂನು, ಚನ್ನಪಟ್ಟಣದ ಗೊಂಬೆ, ಬೀದರಿನ ಕರಿಯ ಹೂದಾನಿ, ಚಿಕ್ಕಮಗಳೂರಿನ ಕಾಫಿಪುಡಿ, ಕೊಡಗಿನ ಜೇನು, ಮೈಸೂರು ಪಾಕಿನ ಡಬ್ಬಿ. ಒಂದು ನಾಡಿನ ಇಡೀ ಸಾರವನ್ನು ನೂರು ಹೆಜ್ಜೆಗಳ ಅಂತರದಲ್ಲಿ ಜೋಡಿಸಿಟ್ಟಂತೆ ತೋರುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ‘ಕುಪ್ಯ’ ಎಂಬುದನ್ನು ಸೇರಿಸುತ್ತಾರೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ಆ ಶಬ್ದಕ್ಕೆ ಕೊಡುವ ವಿವರಣೆಯಲ್ಲಿ ನಾರುಬಟ್ಟೆ, ಹತ್ತಿಬಟ್ಟೆಗಳ ಜೊತೆಗೆ ರೇಷ್ಮೆಯೂ ಇದೆ, ಶ್ರೀಗಂಧವೂ ಇದೆ. ವಿಮಾನ ನಿಲ್ದಾಣದ ಗಾಜಿನ ಬೀರುವಿನಲ್ಲಿ ಎದ್ದು ಕಾಣುವ ಎರಡು ವಸ್ತುಗಳನ್ನು ಆ ಆಚಾರ್ಯರು ಅಂದೇ ಹೆಸರಿಸಿ ಎಚ್ಚರಿಸಿದ್ದಾರೆ. ಹೊಲ ಕೊಳ್ಳುವಾಗ, ಬಂಗಾರ ಕೊಳ್ಳುವಾಗ ಯಾರೂ ಲೆಕ್ಕ ತಪ್ಪುವುದಿಲ್ಲ, ಕುಪ್ಯದಲ್ಲಿ ತಪ್ಪುತ್ತಾರೆ. ಬೆಲೆ ಕಡಿಮೆ, ಕೈಯಲ್ಲಿ ಹಿಡಿಯುವಷ್ಟು ಗಾತ್ರ, ಮೇಲಾಗಿ ‘ಇದು ನನಗಲ್ಲ’ ಎಂಬ ಸಮಾಧಾನ.

ಆ ಸಮಾಧಾನವನ್ನೇ ಪರೀಕ್ಷಿಸಬೇಕಾಗಿದೆ. ಶ್ರಾವಕನು ಹೇಳುತ್ತಾನೆ: ‘ಈ ಸೀರೆ ಸೊಸೆಗೆ, ಈ ಗೊಂಬೆ ಮೊಮ್ಮಗುವಿಗೆ, ಈ ಸಾಬೂನು ನೆರೆಮನೆಯವರಿಗೆ. ನನ್ನ ಬಳಿ ಒಂದೂ ಉಳಿಯುವುದಿಲ್ಲ. ಇದು ದಾನವೇ ಹೊರತು ಪರಿಗ್ರಹವಲ್ಲ.’ ಮಾತು ಕೇಳಲು ಹಿತವಾಗಿದೆ. ಆದರೆ ದಾನವೆಂದರೇನು? ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ದಾನವೆಂದು ಉಮಾಸ್ವಾಮಿಗಳ ಅಭಿಪ್ರಾಯ. ‘ತನ್ನದು’ ಎಂಬ ಮಾತು ಆ ಲಕ್ಷಣದಲ್ಲಿ ಸೇರಿಯೇ ಇದೆ. ವಸ್ತು ತನ್ನದಲ್ಲವೆಂದರೆ ಅದನ್ನು ಕೊಡುವುದು ದಾನವಾಗಲಾರದು. ದಾನವೆಂದು ಹೇಳಿಕೊಂಡರೆ ಅದಕ್ಕೆ ಮುಂಚೆ ಅದು ತನ್ನದಾಗಿತ್ತೆಂದು ಒಪ್ಪಿಕೊಂಡಂತಾಯಿತು. ಪುಣ್ಯವನ್ನು ಎಣಿಸುವಾಗ ನನ್ನದು, ಪರಿಮಾಣವನ್ನು ಎಣಿಸುವಾಗ ಪರರದು ಎಂಬ ಎರಡು ಪುಸ್ತಕದ ಲೆಕ್ಕ ವ್ಯಾಪಾರದಲ್ಲಿಯೇ ನಿಲ್ಲುವುದಿಲ್ಲ, ವ್ರತದಲ್ಲಿ ನಿಂತೀತೇ?

ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಪರಿಗ್ರಹವೆಂದರೆ ಕೇವಲ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ. ನಾಲ್ಕು ಸೀರೆಗಳನ್ನು ಬಿಡಿಸಿ ನೋಡಿ, ಅಂಚಿನ ಬಣ್ಣವನ್ನು ದೀಪಕ್ಕೆ ಹಿಡಿದು, ‘ಇದಕ್ಕಿಂತ ಅದು ಚೆನ್ನ’ ಎಂದು ಆರಿಸುವ ಅರ್ಧ ಗಂಟೆಯಲ್ಲಿ ಮೂರ್ಛೆಗೊಳ್ಳುವ ಮನಸ್ಸು ಯಾರದು? ಸೊಸೆ ಹತ್ತು ಸಾವಿರ ಮೈಲಿಯಾಚೆ ಇದ್ದಾಳೆ. ಅವಳು ಅದನ್ನು ಇನ್ನೂ ಕಂಡೇ ಇಲ್ಲ. ಅವಳ ಹೆಸರಿನಲ್ಲಿ ಆರಿಸುವವನ ಕಣ್ಣು ತಣಿಯುತ್ತದೆ. ತಾನು ಎಂಥ ಉಡುಗೊರೆ ತಂದೆನೆಂಬ ಹೊಗಳಿಕೆಯ ಆಸೆಯೂ ಅದರೊಡನೆ ಬೆರೆಯುತ್ತದೆ. ಆದ್ದರಿಂದ ಕೊಂಡ ಗಳಿಗೆಯಿಂದ ಕೊಟ್ಟ ಗಳಿಗೆಯವರೆಗೆ ಆ ವಸ್ತು ಕೊಂಡವನ ಪರಿಗ್ರಹವೇ ಎಂದು ನಿರ್ಣಯಿಸುವುದು ಯುಕ್ತ. ಅವನ ಪರಿಮಾಣದಲ್ಲಿ ಅಷ್ಟಕ್ಕೆ ಎಡೆಯಿದ್ದರೆ ಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಪೂರಕವಾದ ಇನ್ನೊಂದು ವಿಚಾರ ದೇಶವ್ರತದಲ್ಲಿದೆ. (ಉಮಾಸ್ವಾಮಿಗಳು ಇದನ್ನು ಗುಣವ್ರತಗಳಲ್ಲಿಯೂ ಸಮಂತಭದ್ರಾಚಾರ್ಯರು ಶಿಕ್ಷಾವ್ರತಗಳಲ್ಲಿಯೂ ಎಣಿಸಿದ್ದಾರೆ, ವಿಷಯ ಒಂದೇ.) ಇಷ್ಟು ಕಾಲ ಇಷ್ಟು ಸ್ಥಳವನ್ನು ದಾಟುವುದಿಲ್ಲವೆಂಬ ನಿಯಮವದು. ಅದರ ಮೊದಲ ಅತಿಚಾರ ‘ಆನಯನ’. ಮೇರೆಯ ಒಳಗೆ ಕುಳಿತು ಮೇರೆಯ ಹೊರಗಿನ ವಸ್ತುವನ್ನು ಬೇರೊಬ್ಬರಿಂದ ತರಿಸಿಕೊಳ್ಳುವುದು. ಚಾತುರ್ಮಾಸ್ಯದಲ್ಲಿ ಊರಿನ ಗಡಿ ದಾಟುವುದಿಲ್ಲವೆಂದು ನಿಯಮ ಹಿಡಿದ ಅತ್ತೆಯವರು ತಾಯ್ನಾಡಿಗೆ ಹೊರಟ ಸೊಸೆಗೆ ‘ಬರುವಾಗ ಎರಡು ಗಂಧದ ಹಾರ ತಗೊಂಡು ಬಾರಮ್ಮ’ ಎಂದರೆ ಅದು ಆನಯನವೇ. ವಿಮಾನ ನಿಲ್ದಾಣದಲ್ಲಿ ಕುಳಿತವರಿಗೆ ದೂರವಾಣಿಯಲ್ಲಿ ಒಂದರ ಮೇಲೊಂದು ಬರುವ ಬೇಡಿಕೆಗಳಲ್ಲಿ ಎಷ್ಟು ವ್ರತಿಗಳ ಬಾಯಿಂದ ಬಂದವು ಎಂದು ಯೋಚಿಸಿದರೆ ಪ್ರಾಚೀನರ ದೃಷ್ಟಿ ಎಷ್ಟು ದೂರ ಹಾಯ್ದಿತ್ತೆಂಬುದು ತಿಳಿದೀತು.

ಪರಿಮಾಣದ ಪ್ರಶ್ನೆಗಿಂತ ಗಂಭೀರವಾದದ್ದು ಹಿಂಸೆಯ ಪ್ರಶ್ನೆ. ತಾನು ರೇಷ್ಮೆ ಉಡುವುದಿಲ್ಲವೆಂದು ನಿಯಮವಿರುವ ಶ್ರಾವಕನೂ ಕಾಣಿಕೆಗಾಗಿ ರೇಷ್ಮೆಯನ್ನು ಕೊಳ್ಳುವುದುಂಟು. ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೨ರಲ್ಲಿ ಸ್ಥಾಪಿಸಿದರು. ಅದರ ನೇಯ್ಗೆಯ ನಯಕ್ಕೆ ಸಾಟಿಯಿಲ್ಲ. ಆದರೆ ಆ ನಯ ಬರುವ ಬಗೆ ಎಂಥದು? ಪತಂಗವು ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಎಳೆ ಅಖಂಡವಾಗಿರಬೇಕೆಂದು ಒಳಗಿನ ಜೀವವನ್ನು ಹಬೆಯಲ್ಲಿಯೋ ಬಿಸಿಗಾಳಿಯಲ್ಲಿಯೋ ಮೊದಲೇ ಕೊಲ್ಲುತ್ತಾರೆ. ಆಮೇಲೆ ಬಿಸಿನೀರಿನಲ್ಲಿ ಹಾಕಿ ನೂಲು ಬಿಚ್ಚುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕು. ಗೂಡೊಂದರ ತೂಕ ಎರಡು ಗ್ರಾಮಿನ ಆಸುಪಾಸು. ಒಂದು ಸೀರೆಯ ಮಡಿಕೆಯಲ್ಲಿ ಎಷ್ಟು ಸಾವಿರ ತ್ರಸಜೀವಗಳೆಂಬುದನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲನು. ಪತಂಗ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂಲುವ ‘ಅಹಿಂಸಾ ರೇಷ್ಮೆ’ಯನ್ನು ಕುಸುಮ ರಾಜಯ್ಯನವರು ಪ್ರಚಾರಕ್ಕೆ ತಂದದ್ದು ಶ್ಲಾಘನೀಯವೇ. ಹಾಗಿದ್ದರೂ ‘ಹಾರಿಹೋದ’ ಎಂಬ ಮಾತು ಅಲಂಕಾರ ಮಾತ್ರ. ಸಾವಿರಾರು ವರ್ಷ ಸಾಕಿದ ಈ ಹುಳುವಿನ ಪತಂಗಕ್ಕೆ ಹಾರಲು ಬಾರದು, ಆಹಾರ ಸೇವಿಸುವ ಬಾಯಿಯೂ ಇಲ್ಲ. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಕೊಲೆ ತಪ್ಪಿತು, ಬಂಧನ ತಪ್ಪಲಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಆಗಮವು ಆಸ್ರವಕ್ಕೆ ಕಾರಣವೆಂದು ಎಣಿಸುತ್ತದೆ. ಸೊಸೆಗೆ ಸೀರೆ ಕೊಡುವವನು ತನ್ನ ಮೈಮೇಲೆ ಧರಿಸದ್ದನ್ನು ಅವಳ ಮೈಮೇಲೆ ಧರಿಸುವಂತೆ ಮಾಡುತ್ತಾನೆ. ವ್ರತವಿಲ್ಲದ ಅವಳಿಗೆ ಅದು ತಾನಾಗಿ ಬೇಕೆನಿಸಿರಲೂ ಇಲ್ಲ. ಹಿರಿಯರು ಪ್ರೀತಿಯಿಂದ ಕೊಟ್ಟರೆಂದು ಉಡುತ್ತಾಳೆ. ತನ್ನ ನಿಯಮವನ್ನು ಹೀಗೆ ಪರರ ಮೂಲಕ ಸಡಿಲಿಸಿಕೊಳ್ಳುವುದು ನೇರವಾಗಿ ಮುರಿಯುವುದಕ್ಕಿಂತ ಹಗುರವೆಂದು ಹೇಳಲಾಗದು.

ಗೊಂಬೆಯ ವಿಷಯ ಇನ್ನೂ ಯೋಚನೆಗೆ ಅರ್ಹ. ಅದರಲ್ಲಿ ದೋಷವಿದೆಯೆಂದು ಯಾರೂ ಶಂಕಿಸುವುದಿಲ್ಲ. ಚನ್ನಪಟ್ಟಣದ ಕುಶಲಿಗಳು ಬಿಳಿಯ ಹಾಲೆಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಮಗು ಬಾಯಿಗಿಟ್ಟರೂ ಭಯವಿಲ್ಲವೆಂದು ತಾಯಂದಿರು ಮೆಚ್ಚುವುದು ಇದಕ್ಕೇ. ಆದರೆ ಅರಗೆಂಬುದು ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಗಳ ಮೇಲೆ ಒತ್ತಾಗಿ ನೆಲೆಸುವ ಕೀಟಗಳು ಸ್ರವಿಸುವ ರಾಳ. ಕೊಂಬೆಯಿಂದ ಕೆರೆದು ತೆಗೆಯುವಾಗ ಕೀಟಗಳೂ ಅದರೊಡನೆ ಬರುತ್ತವೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ವಿಚಾರಿಸಿರುವ ಹದಿನೈದು ಖರಕರ್ಮಗಳಲ್ಲಿ ದಂತವಾಣಿಜ್ಯದ ಜೊತೆಗೆ ಲಾಕ್ಷಾವಾಣಿಜ್ಯವೂ ಇರುವುದು ಈ ಕಾರಣದಿಂದಲೇ. ದಂತದ ಮಾತಿಗೆ ಬಂದರೆ, ಮೈಸೂರಿನ ಬೀಟೆಮರದ ಕೆತ್ತನೆಗಳಲ್ಲಿ ಹಿಂದೆ ಆನೆಯ ದಂತವನ್ನು ಕೂರಿಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಅನಂತರದ ತಿದ್ದುಪಡಿಗಳು ಆ ವ್ಯಾಪಾರವನ್ನು ನಿಷೇಧಿಸಿದವು. ಅರಗಿನ ಹುಳುವಿಗೆ ಅಂಥ ಕಾಯಿದೆಯಿಲ್ಲ. ಅಲ್ಲಿ ನಿಷೇಧಿಸಿರುವುದು ವ್ಯಾಪಾರವನ್ನೇ ಹೊರತು ಒಂದು ಗೊಂಬೆಯನ್ನು ಕೊಳ್ಳುವುದನ್ನಲ್ಲ ಎಂದು ವಾದಿಸಬಹುದು. ವಾದ ನಿಜ. ಕೊಳ್ಳುವವನ ದೋಷ ಮಾರುವವನ ದೋಷದಷ್ಟಲ್ಲ. ಆದರೆ ಅಲ್ಪ, ಶೂನ್ಯ ಎಂಬ ಎರಡು ಶಬ್ದಗಳ ಅರ್ಥ ಒಂದೇ ಅಲ್ಲ.

ಹಾಗಾದರೆ ನಿರ್ದುಷ್ಟವಾದುದು ಯಾವುದು? ಬಿದರಿಯ ಪಾತ್ರೆಯಲ್ಲಿ ಸತು, ತಾಮ್ರ, ಬೆಳ್ಳಿಯ ಎಳೆ, ಕಪ್ಪು ಬಣ್ಣ ಬರಲು ಬೀದರಿನ ಕೋಟೆಯ ಮಣ್ಣು, ತ್ರಸಜೀವದ ಸಂಬಂಧವಿಲ್ಲ. ಆದರೆ ಬೆಲೆ ನೋಡಿದರೆ ಪರಿಗ್ರಹದ ಮೇರೆ ಹತ್ತಿರ ಬಂದು ನಿಲ್ಲುತ್ತದೆ. ಹಿಂಸೆ ಕಡಿಮೆಯಾದಲ್ಲಿ ಪರಿಗ್ರಹ ಹೆಚ್ಚು, ಬೆಲೆ ಕಡಿಮೆಯಾದಲ್ಲಿ ಹಿಂಸೆಯ ಸಂದೇಹ; ಅಂಗಡಿ ಹೀಗೆಯೇ ವ್ರತಿಯನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಇಳಕಲ್ಲಿನ ಸೀರೆ ಹತ್ತಿಯದೆಂದು ಕೊಳ್ಳುವವರು ಸೆರಗನ್ನು ಮುಟ್ಟಿ ನೋಡಬೇಕು; ಒಡಲು ಹತ್ತಿಯಾದರೂ ಸೆರಗು ರೇಷ್ಮೆಯಾಗಿರುವುದುಂಟು. ಪೂರ್ತಿ ಹತ್ತಿಯದೂ ದೊರೆಯುತ್ತದೆ. ಜೇನಿನ ಮಾತು ಬೇಕಿಲ್ಲ, ಮದ್ಯ ಮಾಂಸಗಳೊಡನೆ ಮಧುವನ್ನು ಬಿಟ್ಟವನೇ ಶ್ರಾವಕ. ಕಾಫಿಪುಡಿಯ ಪೊಟ್ಟಣದಲ್ಲಿ ಚಿಕೋರಿ ಎಷ್ಟು ಪಾಲೆಂದು ಬರೆದಿರುತ್ತದೆ. ಚಿಕೋರಿ ನೆಲದೊಳಗಿನ ಬೇರು, ಕಂದಮೂಲ ತ್ಯಜಿಸಿದವರು ಅದನ್ನು ಓದಿಕೊಳ್ಳಬೇಕು.

ಇಷ್ಟೆಲ್ಲ ಸೋಸಿದರೆ ಏನೂ ಉಳಿಯುವುದಿಲ್ಲ, ಪ್ರೀತಿಯೇ ಒಣಗಿಹೋಗುತ್ತದೆ ಎಂಬ ಆಕ್ಷೇಪವುಂಟು. ಇದನ್ನು ತಳ್ಳಿಹಾಕಲಾಗದು. ಪರದೇಶದಲ್ಲಿ ಹುಟ್ಟಿದ ಮಗುವಿಗೆ ಅಜ್ಜ ಅಜ್ಜಿಯರ ನಾಡು ಆ ಒಂದು ಮರದ ಬುಗುರಿಯಲ್ಲಿಯೇ ಇರಬಹುದು. ಕುಶಲಿಯ ಮನೆಯ ಒಲೆ ಉರಿಯುವುದೂ ಯಾತ್ರಿಕರ ಕೈಯಿಂದಲೇ. ವಾತ್ಸಲ್ಯವು ಸಮ್ಯಗ್ದರ್ಶನದ ಅಂಗಗಳಲ್ಲಿ ಒಂದಾಗಿರುವಾಗ ಬರಿಗೈಯನ್ನೇ ವ್ರತವೆಂದು ಬೀಗುವುದು ಮಾನಕಷಾಯವಾದೀತು. ಆದ್ದರಿಂದ ತರಬಾರದೆಂಬ ವಿಧಿಯೇನೂ ಇಲ್ಲ. ಯಾರಿಗೆ, ಏನು, ಎಷ್ಟು ಹಣದಲ್ಲಿ ಎಂಬುದನ್ನು ಹೊರಡುವ ಮೊದಲೇ, ಪೇಟೆ ಕಣ್ಣಿಗೆ ಬೀಳದ ಕಡೆ ಕುಳಿತು ಗೊತ್ತುಮಾಡಿಕೊಳ್ಳುವುದು ಸಾಧ್ಯ. ಬೆಳಗೊಳದಲ್ಲಿ ದರ್ಶನ ಮುಗಿಸಿದ ಸಂಜೆ ಅದಕ್ಕೆ ತಕ್ಕ ಸಮಯ. ನಿಲ್ದಾಣದ ಎರಡು ಗಂಟೆಯ ಕಾಲ, ತಪಾಸಣೆಯ ಬಾಗಿಲಿನಿಂದ ವಿಮಾನದ ಬಾಗಿಲಿನವರೆಗಿನ ಸ್ಥಳ, ಇವುಗಳಿಗೆ ‘ಇಲ್ಲಿ ಹೊಸದೇನನ್ನೂ ಕೊಳ್ಳೆನು’ ಎಂಬ ನಿಯಮ ಹಿಡಿದರೆ ಅದು ದೇಶವ್ರತದ ಹಾದಿಯಲ್ಲೇ ನಡೆದಂತೆ. ಸಾಮಾಯಿಕಕ್ಕೆ ಎರಡು ಗಳಿಗೆ ಸಿಕ್ಕಿದ್ದು ಲಾಭ.

ಸಮಂತಭದ್ರರು ಈ ವ್ರತದ ಅತಿಚಾರಗಳನ್ನು ಬೇರೆ ರೀತಿಯಲ್ಲಿ ಹೇಳಿದ್ದಾರೆ. ಅತಿಯಾಗಿ ಕೂಡಿಸುವುದು, ಪರರ ಸಿರಿಯನ್ನು ಕಂಡು ಅತಿಯಾಗಿ ಬೆರಗಾಗುವುದು, ಅತಿಲೋಭ, ಅತಿಭಾರವನ್ನು ಹೇರುವುದು ಅವುಗಳಲ್ಲಿ ಸೇರಿವೆ. ಭಾರ ಹೇರುವ ಮಾತು ಅಂದು ಎತ್ತು ಕತ್ತೆಗಳನ್ನು ಕುರಿತದ್ದು. ಇಂದು ಪೆಟ್ಟಿಗೆಗೆ ೨೩ ಕಿಲೋ ಎಂದು ವಿಮಾನದವರು ಮೇರೆ ಹಾಕಿದರೆ ಎಲ್ಲರೂ ತಲೆಬಾಗುತ್ತಾರೆ, ಮಿಕ್ಕ ಅರ್ಧ ಕಿಲೋವನ್ನು ತೆಗೆದು ಕೈಚೀಲಕ್ಕೆ ತುರುಕುತ್ತಾರೆ. ತಾನೇ ಹಾಕಿಕೊಂಡ ಮೇರೆಗೆ ಆ ಮರ್ಯಾದೆಯೂ ಸಲ್ಲದಿರುವುದು ವಿಚಿತ್ರ.

ಇನ್ನು ಉಳಿದದ್ದು, ಯಾರ ಹೆಸರೂ ಇಲ್ಲದೆ ಕೊಂಡ ವಸ್ತುಗಳು. ‘ಇರಲಿ, ಯಾರಿಗಾದರೂ ಆದೀತು’ ಎಂದು ಹೆಚ್ಚಿಗೆ ತಂದ ಮೂರು ಸಾಬೂನಿನ ಪೆಟ್ಟಿಗೆ, ಎರಡು ಗಂಧದ ಹಾರ, ಒಂದು ಗೊಂಬೆ. ಪಡೆಯುವವನೇ ಇಲ್ಲದ ಮೇಲೆ ಇವು ಪರರಿಗಾಗಿ ಕೊಂಡವು ಎನ್ನಲು ಆಧಾರವೇ ಇಲ್ಲ. ಇವು ಬೀರುವಿನ ಮೇಲಿನ ಅರೆಯಲ್ಲಿ ವರ್ಷಗಟ್ಟಲೆ ಕೂರುತ್ತವೆ. ಸಾಬೂನಿನ ಪರಿಮಳವೂ ಆರಿಹೋಗುತ್ತದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನ, ಆಕಿಂಚನ್ಯಧರ್ಮದ ಪೂಜೆ ಮುಗಿಸಿ ಉಪವಾಸದಲ್ಲಿದ್ದಾಗ, ಆ ಅರೆಯನ್ನು ತೆರೆದು ಅಲ್ಲಿರುವುದನ್ನು ಒಂದೊಂದಾಗಿ ವರ್ಷದ ಪರಿಮಾಣದ ಚೀಟಿಯಲ್ಲಿ ತನ್ನ ಹೆಸರಿನ ಕೆಳಗೇ ಬರೆದುಕೊಳ್ಳಬೇಕಾಗುತ್ತದೆ.