ಹಸಿವನ್ನು ಅಡಗಿಸುವುದು, ಹಸಿವನ್ನು ಗೆಲ್ಲುವುದು

ಹಸಿವೇ ತೋರದಂತೆ ಮಾಡುವ ಮೂಲಿಕೆಯೊಂದು ದೊರೆತರೆ, ಉಪವಾಸವನ್ನು ಕೈಕೊಂಡ ಶ್ರಾವಕನು ಅದನ್ನು ಸೇವಿಸಬಹುದೇ? ಇದು ಬರಿಯ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಂತಹ ಗುಣವುಳ್ಳದ್ದೆಂದು ಪ್ರಸಿದ್ಧಿ ಪಡೆದ ಸಸ್ಯವೊಂದು ಲೋಕದಲ್ಲಿದೆ.

ದಕ್ಷಿಣ ಆಫ್ರಿಕ, ನಮೀಬಿಯ ಮತ್ತು ಬೋಟ್ಸ್‌ವಾನಗಳ ಮರುಭೂಮಿಯಲ್ಲಿ ಬೆಳೆಯುವ ಇದರ ಹೆಸರು ಹೂಡಿಯಾ. ನೋಟಕ್ಕೆ ಮುಳ್ಳುಗಳ್ಳಿಯಂತಿದ್ದರೂ ಇದು ನಮ್ಮ ಎಕ್ಕದ ಗಿಡದ ಕುಲಕ್ಕೆ ಸೇರಿದುದು. ನೀರು ತುಂಬಿದ ಕಾಂಡದ ಮುಳ್ಳು ತೆಗೆದು, ಸಿಪ್ಪೆ ಸುಲಿದು, ಕಹಿಯಾದ ತಿರುಳನ್ನು ಅಗಿಯುತ್ತ ಅಲ್ಲಿನ ಸ್ಯಾನ್ ಜನರು ಬೇಟೆಯ ದೀರ್ಘ ಪ್ರಯಾಣಗಳಲ್ಲಿ ಹಸಿವು ಬಾಯಾರಿಕೆಗಳನ್ನು ತಡೆದುಕೊಳ್ಳುತ್ತಿದ್ದರು. ಅವರ ವೃತ್ತಿ ನಮಗೆ ಸಮ್ಮತವಲ್ಲ. ಆದರೆ ಅವರ ಹಸಿವು ಬಡತನದ ಹಸಿವು, ವ್ರತದ ಹಸಿವಲ್ಲವೆಂಬುದನ್ನು ಮರೆಯಲಾಗದು. ಅನ್ನವಿಲ್ಲದವನು ಹಸಿವನ್ನು ಅಡಗಿಸಿಕೊಂಡರೆ ಅದರಲ್ಲಿ ದೋಷವೆಣಿಸುವವರಾರು?

ಅನ್ನವಿದ್ದೂ ತ್ಯಜಿಸುವವನ ಮಾತು ಬೇರೆ. ಉಪವಾಸದ ದಿನ ಇದನ್ನು ಅಗಿದರೆ ಚತುರ್ವಿಧಾಹಾರ ತ್ಯಾಗವೇ ಭಂಗವಾಗುತ್ತದೆ, ಅಲ್ಲಿ ವಿವಾದವಿಲ್ಲ. ಹಿಂದಿನ ದಿನದ ಏಕಭುಕ್ತಿಯಲ್ಲಿಯೇ ಸೇವಿಸಿಬಿಟ್ಟರೆ? ವ್ರತದ ಅಕ್ಷರ ಉಳಿಯಿತು, ನಿಜ. ಆದರೆ ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು ಕ್ಷುಧೆ. ಸನ್ಮಾರ್ಗದಿಂದ ಜಾರದಿರಲೆಂದೂ, ಕರ್ಮನಿರ್ಜರೆಗಾಗಿಯೂ ಅದನ್ನು ಸಹಿಸಬೇಕೆಂಬುದು ಆಗಮದ ಆಶಯ. ಸಹಿಸಬೇಕಾದುದನ್ನೇ ಮೊದಲು ಇಲ್ಲವಾಗಿಸಿದ ಮೇಲೆ ಸಹನೆಗೆ ಎಡೆಯೆಲ್ಲಿ?

ಇಲ್ಲಿ ಒಂದು ಆಕ್ಷೇಪವು ಬರಬಹುದು. ಏಕಭುಕ್ತಿ, ಆರಂಭತ್ಯಾಗ, ಸ್ವಾಧ್ಯಾಯಗಳೂ ಉಪವಾಸವನ್ನು ಹಗುರಗೊಳಿಸುತ್ತವೆಯಲ್ಲವೇ? ನೋವೇ ಪುಣ್ಯವೇ? ಅಲ್ಲ. ದೇಹವನ್ನು ದಂಡಿಸುವುದಷ್ಟೇ ತಪಸ್ಸಲ್ಲ. ಆದರೆ ಸ್ವಾಧ್ಯಾಯವು ಆಹಾರದ ಇಚ್ಛೆಯನ್ನು ಕುಗ್ಗಿಸುತ್ತದೆ. ಮೂಲಿಕೆಯು ಹೊಟ್ಟೆಯ ಅರಿವನ್ನು ಮಾತ್ರ ಮಂಕುಗೊಳಿಸುತ್ತದೆ. ಅದರ ಪ್ರಭಾವ ಇಳಿದೊಡನೆ ಇಚ್ಛೆಯು ಮೊದಲಿದ್ದಷ್ಟೇ ಬಲವಾಗಿ ಎದ್ದು ನಿಲ್ಲುತ್ತದೆ. ಹಸಿವನ್ನು ತಾಳಲಾರದವರಿಗೆ ಅವಮೌದರ್ಯವಿದೆ. ಒಂದು ತುತ್ತನ್ನು ಅರಿತು ಬಿಡುವುದು, ಅರಿವಿಲ್ಲದೆ ಮೂರು ದಿನ ಉಣ್ಣದಿರುವುದಕ್ಕಿಂತ ಲೇಸು.

ಈ ಗಿಡದ ಕಥೆಯಲ್ಲಿ ಅಚೌರ್ಯದ ಪಾಠವೂ ಅಡಗಿದೆ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕದ ಸರಕಾರಿ ಸಂಶೋಧನಾ ಮಂಡಳಿಯು ಇದರ ಸಾರಕ್ಕೆ ಪೇಟೆಂಟ್ ಪಡೆದು, 1997ರಲ್ಲಿ ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಹಕ್ಕು ನೀಡಿತು. ತಲೆತಲಾಂತರದಿಂದ ಆ ಜ್ಞಾನವನ್ನು ಕಾಪಾಡಿದ ಸ್ಯಾನ್ ಜನರನ್ನು ಯಾರೂ ಕೇಳಲಿಲ್ಲ. ಅವರು ಪ್ರತಿಭಟಿಸಿದ ಮೇಲೆ 2003ರಲ್ಲಿ ಒಪ್ಪಂದವಾಗಿ, ಮಂಡಳಿಗೆ ಬರುವ ರಾಯಧನದಲ್ಲಿ ಶೇಕಡ 6 ಭಾಗ ಅವರಿಗೆಂದು ನಿಶ್ಚಯವಾಯಿತು. ಕೊಡದುದನ್ನು ಕೊಳ್ಳುವುದೇ ಅದತ್ತಾದಾನ. ಅದು ಹೊನ್ನಾಗಲಿ, ಅರಿವಾಗಲಿ. ಕದ್ದು ತಂದುದನ್ನು ಕೊಳ್ಳುವುದೂ ಆ ವ್ರತಕ್ಕೆ ಅತಿಚಾರವೇ. ಮತ್ತೆ, ವ್ಯಾಪಾರಕ್ಕಾಗಿ ಈ ಏಕೇಂದ್ರಿಯ ಜೀವಗಳನ್ನು ಮಿತಿಮೀರಿ ಕೀಳತೊಡಗಿದಾಗ, 2004ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಇದನ್ನು ಸೇರಿಸಬೇಕಾಯಿತು.

ಕೊನೆಗೆ ಫಲವೇನು? ಯೂನಿಲಿವರ್ ಸಂಸ್ಥೆಯು 2008ರಲ್ಲಿ ಈ ಯೋಜನೆಯನ್ನು ಕೈಬಿಟ್ಟಿತು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 15 ದಿನ ಇದರ ಸಾರವನ್ನು ಸೇವಿಸಿದ ಸ್ತ್ರೀಯರ ಆಹಾರ ಗಣನೀಯವಾಗಿ ಕಡಿಮೆಯಾಗಲಿಲ್ಲ. ವಾಕರಿಕೆ, ರಕ್ತದೊತ್ತಡಗಳು ಮಾತ್ರ ಹೆಚ್ಚಿದವು.

ಅದು ಫಲಿಸಿದ್ದರೂ ನಮ್ಮ ಉತ್ತರ ಬದಲಾಗುತ್ತಿರಲಿಲ್ಲ. ಪಾರಣೆಯ ದಿನ ಎಲೆಯ ಮುಂದೆ ಕುಳಿತಾಗ ನಮ್ಮ ಕೈ ಎಷ್ಟು ಆತುರದಿಂದ ತುತ್ತಿನತ್ತ ಸರಿಯುತ್ತದೆಂಬುದನ್ನು ನೋಡಿಕೊಳ್ಳೋಣ. ಉಪವಾಸವು ಸಾರ್ಥಕವಾಯಿತೋ ಇಲ್ಲವೋ ಎಂಬುದನ್ನು ಆ ಕೈಯೇ ಹೇಳುತ್ತದೆ.