ಕ್ಷಮಿಸಿದವನು ಸಾಕ್ಷಿ ನುಡಿಯಬೇಕೇ?

ಬಳ್ಳಾರಿಗೆ ಭ್ರಷ್ಟಾಚಾರವೆಂಬ ಪದ ಹೊಸದಲ್ಲ. 2011ರ ಜುಲೈ ತಿಂಗಳಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಕುರಿತು ವರದಿ ಸಲ್ಲಿಸಿದಾಗ ನಮ್ಮ ಜಿಲ್ಲೆಯ ಹೆಸರು ದೇಶದೆಲ್ಲೆಡೆ ಕೇಳಿಬಂತು. ಆದರೆ ಸಿರುಗುಪ್ಪದ ಭತ್ತದ ರೈತನಿಗಾಗಲಿ, ಕುರುಗೋಡಿನ ಕೂಲಿಕಾರನಿಗಾಗಲಿ ಭ್ರಷ್ಟಾಚಾರವು ಎದುರಾಗುವುದು ಅದಿರಿನ ರೂಪದಲ್ಲಲ್ಲ. ಒಂದು ಪ್ರಮಾಣಪತ್ರಕ್ಕೆ, ಒಂದು ಸಹಿಗೆ ಯಾರೋ ಸದ್ದಿಲ್ಲದೆ ಕೇಳುವ ಹಣದ ರೂಪದಲ್ಲಿ.

ಹಾಗೆ ಕೇಳಿಸಿಕೊಂಡವನೊಬ್ಬನು ಧೈರ್ಯದಿಂದ ಲೋಕಾಯುಕ್ತ ಪೊಲೀಸರಿಗೆ ದೂರು ಕೊಟ್ಟನೆಂದು ಭಾವಿಸಿ. ನೌಕರನು ಸಿಕ್ಕಿಬೀಳುತ್ತಾನೆ. ಕೆಲವು ವರ್ಷಗಳ ಮೇಲೆ ವಿಚಾರಣೆಯ ದಿನ ಸಮೀಪಿಸುತ್ತದೆ. ಆಗ ಊರಿನ ಹಿರಿಯರು ದೂರುದಾರನ ಮನೆಗೆ ಬರುತ್ತಾರೆ: "ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಕ್ರೈಸ್ತರಲ್ಲವೇ ನೀವು? ಕ್ಷಮಿಸಿಬಿಡಿ. ನ್ಯಾಯಾಲಯದಲ್ಲಿ ನೆನಪಿಲ್ಲವೆಂದರೆ ಸಾಕು." ಈ ಮಾತಿಗೆ ಅವನು ಏನು ಉತ್ತರ ಕೊಡಬೇಕು?

ಉತ್ತರಕ್ಕೆ ಮುನ್ನ ಕಾನೂನು ಏನನ್ನು ಕೇಳುತ್ತದೆಂದು ತಿಳಿಯೋಣ. ದೂರುದಾರನು ತರುವ ನೋಟುಗಳ ಸಂಖ್ಯೆಗಳನ್ನು ಪಂಚರ ಸಮಕ್ಷಮ ಬರೆದುಕೊಂಡು, ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಲೇಪಿಸಲಾಗುತ್ತದೆ. ಹಣ ಮುಟ್ಟಿದವನ ಕೈಯನ್ನು ಸೋಡಿಯಂ ಕಾರ್ಬೋನೇಟ್ ದ್ರಾವಣದಲ್ಲಿ ತೊಳೆದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಷ್ಟಾದರೆ ಅಪರಾಧ ರುಜುವಾತಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಕೈ ಹಣವನ್ನು ಮುಟ್ಟಿತೆಂದು ಮಾತ್ರ ಆ ಬಣ್ಣ ಹೇಳುತ್ತದೆ. ಬಾಯಿ ಅದನ್ನು ಕೇಳಿತೆಂದು ಹೇಳುವುದಿಲ್ಲ. ಹಳೆಯ ಸಾಲ ತೀರಿಸಿದ ಹಣವಾಗಿರಬಹುದು. ದ್ವೇಷದಿಂದ ತುರುಕಿದ ಹಣವೂ ಆಗಿರಬಹುದು. ಆದಕಾರಣ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆಂಧ್ರಪ್ರದೇಶದ ಪಿ. ಸತ್ಯನಾರಾಯಣ ಮೂರ್ತಿ ಪ್ರಕರಣದಲ್ಲಿ ದೂರುದಾರನು ವಿಚಾರಣೆಗೆ ಮುಂಚೆಯೇ ತೀರಿಕೊಂಡಿದ್ದನು. ಬೇಡಿಕೆ ರುಜುವಾತಾಗದ ಕಾರಣ 2015ರಲ್ಲಿ ಆರೋಪಿ ಬಿಡುಗಡೆ ಹೊಂದಿದರು. 2022ರ ಡಿಸೆಂಬರ್ 15ರಂದು, ನೀರಜ್ ದತ್ತಾ ಪ್ರಕರಣದಲ್ಲಿ ಸಂವಿಧಾನ ಪೀಠವು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು: ದೂರುದಾರನು ಸತ್ತರೂ, ತಿರುಗಿ ಬಿದ್ದರೂ ಇತರ ಸಾಕ್ಷಿಗಳಿಂದಲೂ ಸಾಂದರ್ಭಿಕ ಪುರಾವೆಗಳಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದು. ಆದರೂ ಕೇಳಿಸಿಕೊಂಡ ಕಿವಿಯ ಸಾಕ್ಷಿಗೆ ಸರಿಸಾಟಿ ಯಾವುದು?

ಇಷ್ಟೊಂದು ಕಟ್ಟುನಿಟ್ಟೇಕೆಂದು ಕೇಳುವವರು ದಾನಿಯೇಲನ ಗ್ರಂಥದ 13ನೇ ಅಧ್ಯಾಯವನ್ನು ಓದಲಿ. ಗೌರವಸ್ಥರಾದ ಇಬ್ಬರು ಹಿರಿಯರ ಮಾತನ್ನೇ ನಂಬಿ ಸಭೆಯು ಸುಸನ್ನಳಿಗೆ ಮರಣದಂಡನೆ ವಿಧಿಸಿತ್ತು. ಯುವಕ ದಾನಿಯೇಲನು ಅವರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳಿದನು. ಇಬ್ಬರೂ ಬೇರೆ ಬೇರೆ ಮರಗಳನ್ನು ಹೆಸರಿಸಿದರು. ನಿರಪರಾಧಿಯ ಪ್ರಾಣ ಉಳಿಯಿತು. ಸಾಕ್ಷ್ಯವನ್ನು ಒರೆಗೆ ಹಚ್ಚುವುದು ಕಳ್ಳನಿಗೆ ತೋರುವ ಕೃಪೆಯಲ್ಲ, ನಿರಪರಾಧಿಗೆ ಕೊಡುವ ರಕ್ಷೆ. ಆದ್ದರಿಂದ ಪತ್ರಿಕೆಯಲ್ಲಿ ಯಾರದೋ ಭಾವಚಿತ್ರ ಬಂದ ಮಾತ್ರಕ್ಕೆ ಅವರನ್ನೂ ಅವರ ಮಕ್ಕಳನ್ನೂ ಹೀಗಳೆಯುವುದು ಸುಳ್ಳುಸಾಕ್ಷಿಯ ಇನ್ನೊಂದು ರೂಪವೇ ಸರಿ.

ಆದರೆ ಇದೇ ಕಟ್ಟುನಿಟ್ಟು ಸತ್ಯವನ್ನು ಬಲ್ಲವನ ಹೆಗಲ ಮೇಲೆ ಭಾರವನ್ನೂ ಹೊರಿಸುತ್ತದೆ. ಕಂಡದ್ದನ್ನು, ಕೇಳಿದ್ದನ್ನು ಕರೆದಾಗಲೂ ಹೇಳದೆ ಸುಮ್ಮನಿರುವವನು ದೋಷಿಯೆಂದು ಯಾಜಕಕಾಂಡದ 5ನೇ ಅಧ್ಯಾಯದ ಆರಂಭದಲ್ಲೇ ಹೇಳಿದೆ. ಇಲ್ಲಿಯೇ ಹಿರಿಯರ ಮಾತಿಗೆ ಉತ್ತರವಿದೆ. ನನಗಾದ ನೋವನ್ನು ಕ್ಷಮಿಸುವ ಅಧಿಕಾರ ನನಗುಂಟು; ಕ್ರಿಸ್ತನ ಶಿಷ್ಯನಿಗೆ ಅದು ಕರ್ತವ್ಯವೂ ಹೌದು. ಆದರೆ ಸತ್ಯವು ನನ್ನ ಸ್ವಂತ ಆಸ್ತಿಯಲ್ಲ. ನನ್ನ ನಂತರ ಅದೇ ಮೇಜಿನ ಮುಂದೆ ನಿಲ್ಲಬೇಕಾದ ವಿಧವೆಯ ಪರವಾಗಿ ಕ್ಷಮಿಸಲು ನಾನು ಯಾರು? ಜಕ್ಕಾಯನ ಮನೆಗೆ ರಕ್ಷಣೆ ಬಂದದ್ದು ಅವನ ಲೆಕ್ಕವನ್ನು ಮುಚ್ಚಿಟ್ಟಾಗ ಅಲ್ಲ. ವಂಚಿಸಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ಅವನು ಎದ್ದುನಿಂತು ನುಡಿದಾಗ.

ಹಾಗಾದರೆ ಕರುಣೆಗೆ ಎಡೆಯಿಲ್ಲವೇ? ಖಂಡಿತ ಇದೆ. ನಿಜವನ್ನು ಹಗೆಯಿಲ್ಲದೆ, ಒಂದು ಮಾತು ಕೂಡಿಸದೆ, ಒಂದು ಮಾತು ಕಳೆಯದೆ ಹೇಳುವುದು ಕರುಣೆ. ಆರೋಪಿಯ ಮನೆಯವರನ್ನು ದೂರವಿಡದಿರುವುದು ಕರುಣೆ.

ಇನ್ನೊಂದು ಎಚ್ಚರ. 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವನು 7 ದಿನಗಳೊಳಗೆ ತಿಳಿಸಿದರೆ ಮಾತ್ರ ರಕ್ಷಣೆಯುಂಟು. ಮುಂಚಿತವಾಗಿ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲೆಂದೇ ಹಣ ಕೊಡುವವನಿಗೆ ಈ ಶಿಕ್ಷೆಯಿಲ್ಲ. ಕೆಲಸ ಬೇಗ ಆಗಲೆಂದು ನಾವೇ ಲಕೋಟೆ ಸಿದ್ಧಪಡಿಸಿಕೊಂಡು ಹೋದರೆ ಯಾರ ವಿರುದ್ಧ ಸಾಕ್ಷಿ ನುಡಿಯುವುದು?

ಪ್ರಿಯ ಓದುಗರೇ, ಸಾಕ್ಷಿಕಟ್ಟೆಯನ್ನು ಹತ್ತುವ ದಿನ ನಮ್ಮಲ್ಲಿ ಅನೇಕರಿಗೆ ಬಾರದಿರಬಹುದು. ಬಂದವರ ಪಕ್ಕದಲ್ಲಿ ನಿಲ್ಲುವ ದಿನವಂತೂ ಬರುತ್ತದೆ. ಅಂದು ನಮ್ಮ ಧರ್ಮಕೇಂದ್ರದ ಜನ ಅವರ ಮನೆಗೆ ಹೋಗಲಿ. ಮರೆತುಬಿಡಿ ಎನ್ನಲು ಅಲ್ಲ, ಭಯಪಡಬೇಡಿ ಎನ್ನಲು.